ಬ್ಯೂರೆಟ್‌ನಿಂದ ಬಿಲ್‌ವರೆಗೆ: ಕೆಮಿಸ್ಟ್ರಿ ಪ್ರೊಫೆಸರ್ ಅನ್ನುವ ಕೆಲಸ

ಎಂ.ಎಸ್ಸಿ. ಮೊದಲ ಸೆಮಿಸ್ಟರಿನ ಮೂವತ್ತು ಮಂದಿಗೆ ನಾಳೆ ಪರ್ಮಾಂಗನೇಟ್ ಟೈಟ್ರೇಷನ್ ಇದೆ: ಬ್ಯೂರೆಟ್ ಎಂಬ ಅಳತೆಯ ಗಾಜಿನ ಕೊಳವೆಯಿಂದ ಒಂದು ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಇನ್ನೊಂದರ ಪ್ರಮಾಣ ಕಂಡುಕೊಳ್ಳುವ ಪ್ರಯೋಗ. ತಲೆಗೆ ನಾಲ್ಕು ಸಲ, ಸಲಕ್ಕೆ 25 ಮಿ.ಲೀ., ಒಟ್ಟು 100. ಬ್ಯೂರೆಟ್ ತೊಳೆಯಲು, ಚೆಲ್ಲಲು ಇನ್ನೊಂದು 50. ಮೂವತ್ತು ತಲೆಗೆ ನಾಲ್ಕೂವರೆ ಲೀಟರ್, ಐದು ಮಾಡಿಟ್ಟರೆ ಕ್ಷೇಮ. 0.02 ಮೋಲಾರ್ ದ್ರಾವಣಕ್ಕೆ ಲೀಟರಿಗೆ 3.16 ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟ್ ಬೇಕು, ಐದು ಲೀಟರಿಗೆ 15.8 ಗ್ರಾಂ. ತೂಗಿ ಡಿಸ್ಟಿಲ್ಡ್ ವಾಟರಿಗೆ ಹಾಕಿ ಅಲ್ಲಾಡಿಸಿದರೆ ಮುಗಿಯಿತಲ್ಲ ಅಂದುಕೊಂಡರೆ ಸೋಮವಾರದ ಬ್ಯಾಚಿನ ರೀಡಿಂಗೇ ಬೇರೆ, ಗುರುವಾರದ ಬ್ಯಾಚಿನದೇ ಬೇರೆ ಆಗುತ್ತದೆ. ನೀರಿನಲ್ಲಿ ಉಳಿದ ಸಾವಯವ ಕಸ ಸ್ವಲ್ಪ ಪರ್ಮಾಂಗನೇಟನ್ನು ತಿಂದು ಮ್ಯಾಂಗನೀಸ್ ಡೈಆಕ್ಸೈಡ್ ಮಾಡುತ್ತದೆ. ಆ ಕಂದು ಪುಡಿ ಮಿಕ್ಕ ಪರ್ಮಾಂಗನೇಟೂ ಒಡೆಯುವಂತೆ ವೇಗವರ್ಧಕವಾಗಿ ಕೂರುತ್ತದೆ. ಅದಕ್ಕೇ ದ್ರಾವಣವನ್ನು ಮುಂಚಿನ ದಿನವೇ ಸುಮಾರು ಒಂದು ತಾಸು ಕುದಿಯುವ ಹದದಲ್ಲಿ ಕಾಯಿಸಿ, ಆರಿಸಿ, ಸಿಂಟರ್ಡ್ ಗ್ಲಾಸ್ ಫನೆಲ್‌ನಲ್ಲಿ ಸೋಸಿ, ಕಂದು ಬಾಟಲಿಗೆ ತುಂಬಬೇಕು. ಫಿಲ್ಟರ್ ಪೇಪರಿನಲ್ಲಿ ಸೋಸುವಂತಿಲ್ಲ, ಕಾಗದವೂ ಪರ್ಮಾಂಗನೇಟಿಗೆ ಆಹಾರವೇ.

ಮರುದಿನ ಲ್ಯಾಬಿನಲ್ಲಿ ಮೇಷ್ಟ್ರು ಮಾಡುವುದು ತಪ್ಪನ್ನು ಹಿಂದುಮುಂದಾಗಿ ಓದುವ ಕೆಲಸ. 0.05 ಮೋಲಾರ್ ಆಕ್ಸಾಲಿಕ್ ಆಮ್ಲ 25 ಮಿ.ಲೀ. ತೆಗೆದುಕೊಂಡರೆ ಬ್ಯೂರೆಟ್ಟಿನಿಂದ ಸುಮಾರು 25 ಮಿ.ಲೀ. ಇಳಿಯಬೇಕು. ಒಬ್ಬಳಿಗೆ 23 ಬಂದಿದೆ: ಬರ್ನರ್ ಮೇಲೆ ಫ್ಲಾಸ್ಕ್ ಮರೆತು ಕುದಿಸಿದ್ದಾಳೆ, ಸ್ವಲ್ಪ ಆಕ್ಸಾಲಿಕ್ ಆಮ್ಲ ಒಡೆದುಹೋಗಿದೆ, 60ರಿಂದ 70 ಡಿಗ್ರಿ ಸೆಲ್ಸಿಯಸ್ ಸಾಕಿತ್ತು. ಇನ್ನೊಬ್ಬನಿಗೆ 27: ಸಲ್ಫ್ಯೂರಿಕ್ ಆಮ್ಲದ ಬದಲು ಪಕ್ಕದ ಬಾಟಲಿಯ ಹೈಡ್ರೋಕ್ಲೋರಿಕ್ ಆಮ್ಲ ಸುರಿದಿದ್ದಾನೆ, ಕ್ಲೋರೈಡ್ ಕೂಡ ಪರ್ಮಾಂಗನೇಟಿಗೆ ಕೈಹಾಕಿದೆ. ಮೂರನೆಯವನ ಫ್ಲಾಸ್ಕಿನಲ್ಲಿ ಕಾಫಿ ಬಣ್ಣ: ಆಮ್ಲ ಕಡಿಮೆ ಹಾಕಿದ್ದಾನೆ ಅಥವಾ ಮೊದಲಿಗೇ ಭರಭರನೆ ಬಿಟ್ಟಿದ್ದಾನೆ. ಈ ಕ್ರಿಯೆಗೆ ಅದರಲ್ಲೇ ಹುಟ್ಟುವ ಮ್ಯಾಂಗನೀಸ್ ಅಯಾನೇ ವೇಗವರ್ಧಕ. ಹಾಗಾಗಿ ಮೊದಲ ಹನಿಯ ಬಣ್ಣ ಹೋಗಲು ಕೆಲವು ಸೆಕೆಂಡ್ ಕಾಯಬೇಕು, ಆಮೇಲೆ ಸರಾಗ. ನಾಲ್ಕನೆಯವಳ ಮೂರೂ ರೀಡಿಂಗ್ 25.0, 25.0, 25.0 ಎಂದು ಅಚ್ಚುಕಟ್ಟಾಗಿ ಇದ್ದರೆ ಎಲ್ಲಕ್ಕಿಂತ ಹೆಚ್ಚು ಅನುಮಾನ ಪಡಬೇಕಾದದ್ದು ಅವಳ ರೆಕಾರ್ಡ್ ಮೇಲೆ.

ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಾಧ್ಯಾಪಕರ ವೃತ್ತಿಯ ಬೀಜ ಇಲ್ಲಿದೆ. ಅವರ ಕೆಲಸದ ಮುಕ್ಕಾಲು ಪಾಲು ಬೇರೆಯವರ ಕೈಯಲ್ಲಿ ನಡೆಯುವ ಪ್ರಯೋಗದ್ದು. ಶುರುವಿನಲ್ಲಿ ಫ್ಲಾಸ್ಕ್ ಅವರ ಕೈಯಲ್ಲೇ ಇರುತ್ತದೆ. ವರ್ಷ ಕಳೆದಂತೆ ಕೈ ದೂರವಾಗುತ್ತಾ ಹೋಗುತ್ತದೆ, ಹೊಣೆ ಮಾತ್ರ ಹತ್ತಿರವಾಗುತ್ತಾ ಬರುತ್ತದೆ. ಗಣಿತದ ಅಥವಾ ಇತಿಹಾಸದ ಪ್ರೊಫೆಸರಿಗೆ ಹೀಗಿಲ್ಲ.

ಈ ಏರ್ಪಾಟು ಪುರಾತನವೇನಲ್ಲ. ಯೂಸ್ಟಸ್ ಫಾನ್ ಲೀಬಿಗ್ 1824ರಲ್ಲಿ, ತನ್ನ 21ನೇ ವಯಸ್ಸಿನಲ್ಲಿ, ಜರ್ಮನಿಯ ಗೀಸನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದ. ಅಲ್ಲಿಯ ತನಕ ವಿದ್ಯಾರ್ಥಿಗಳು ಪ್ರೊಫೆಸರ್ ಮಾಡಿ ತೋರಿಸುವುದನ್ನು ನೋಡುತ್ತಿದ್ದದ್ದೇ ಹೆಚ್ಚು. ಲೀಬಿಗ್ ಅವರ ಕೈಗೇ ಉಪಕರಣ ಕೊಟ್ಟ. 1831ರಲ್ಲಿ ಅವನು ರೂಪಿಸಿದ ಐದು ಗಾಜಿನ ಗುಂಡುಗಳ ಸಣ್ಣ ಸಾಧನ, ಉರಿಸಿದ ವಸ್ತುವಿನಿಂದ ಬಂದ ಕಾರ್ಬನ್ ಡೈಆಕ್ಸೈಡನ್ನು ಕ್ಷಾರದಲ್ಲಿ ಹಿಡಿದು ತೂಗುವಂತೆ ಮಾಡಿತು. ಅದಕ್ಕೂ ಮುಂಚೆ ಸಾವಯವ ವಿಶ್ಲೇಷಣೆ ನಿಷ್ಣಾತರ ಕೈಚಳಕವಾಗಿತ್ತು, ಈಗ ಸಾಧಾರಣ ಹುಡುಗನೂ ಸರಿಯಾದ ಉತ್ತರ ತರಬಲ್ಲವನಾದ. ಗುರುವಿನ ಸಮಸ್ಯೆ, ಶಿಷ್ಯನ ಕೈ, ಇಬ್ಬರ ಹೆಸರು ಅನ್ನುವ ಪದ್ಧತಿ ಅಲ್ಲಿಂದ ಜಗತ್ತಿಗೆ ಹಬ್ಬಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1911ರಲ್ಲಿ ಪಾಠ ಶುರುಮಾಡಿದಾಗ ಮೊದಲ ವಿಭಾಗಗಳಲ್ಲಿ ರಸಾಯನಶಾಸ್ತ್ರವಿತ್ತು. ಅದರ ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್, 1898ರಲ್ಲಿ ರಾಮ್ಸೆ ಜೊತೆ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಕಂಡುಹಿಡಿದ ರಸಾಯನಶಾಸ್ತ್ರಜ್ಞ.

ಒಳಗೆ ಹೋಗುವ ಬಾಗಿಲು

ಇವತ್ತಿನ ದಾರಿ ಎಂ.ಎಸ್ಸಿ.ಯಲ್ಲಿ ಶೇ. 55 ಅಂಕದಿಂದ ಶುರು. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ ಮತ್ತು ಅಂಗವಿಕಲರಿಗೆ ಶೇ. 50. ಆಮೇಲೆ ಸಿ.ಎಸ್.ಐ.ಆರ್. ನೆಟ್, ಪಾಠ ಮಾಡುವ ಅರ್ಹತೆಗೂ ಸಂಶೋಧನಾ ಫೆಲೋಶಿಪ್‌ಗೂ ನಡೆಯುವ ರಾಷ್ಟ್ರಮಟ್ಟದ ಪರೀಕ್ಷೆ. ರಾಸಾಯನಿಕ ವಿಜ್ಞಾನದ ಪತ್ರಿಕೆ ಮೂರು ತಾಸು, 200 ಅಂಕ. ಎ ಭಾಗದ 20ರಲ್ಲಿ 15, ಬಿ ಭಾಗದ 40ರಲ್ಲಿ 35, ಸಿ ಭಾಗದ 60ರಲ್ಲಿ 25 ಪ್ರಶ್ನೆ ಬಿಡಿಸಬೇಕು. ಸಿ ಭಾಗದ ಒಂದೊಂದಕ್ಕೆ 4 ಅಂಕ, ಅಂದರೆ ಅರ್ಧ ಪತ್ರಿಕೆ ಅದೇ. ತಪ್ಪಾದರೆ ಕಾಲು ಭಾಗ ಕಡಿತ. ಇಲ್ಲಿ ಎಡವುವವರು ವಿಷಯ ಗೊತ್ತಿಲ್ಲದವರಷ್ಟೇ ಅಲ್ಲ. ಸಿ ಭಾಗದಲ್ಲಿ ಬಿಡುವುದನ್ನು ಕಲಿಯದವರೂ ಎಡವುತ್ತಾರೆ. 60ರಲ್ಲಿ 35ನ್ನು ಮುಟ್ಟದೇ ಬಿಡಬಹುದು ಎಂಬುದೇ ಆ ಪತ್ರಿಕೆಯ ಕೀಲಿ. ಆರ್ಗ್ಯಾನಿಕ್‌ನಲ್ಲಿ ಗಟ್ಟಿ ಇರುವವರು ಕ್ವಾಂಟಂ ಲೆಕ್ಕದ ಜೊತೆ ಹತ್ತು ನಿಮಿಷ ಗುದ್ದಾಡಬೇಕಿಲ್ಲ.

ನೆಟ್‌ನಿಂದ ಜೆ.ಆರ್.ಎಫ್. (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ ಎಸ್.ಆರ್.ಎಫ್. (ಹಿರಿಯ ಫೆಲೋ) ಆಗಿ 42,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. 2023ರ ಜನವರಿಯಿಂದ ಇರುವ ದರವಿದು. ಕರ್ನಾಟಕದಲ್ಲಿ ಪಾಠ ಮಾಡುವ ಅರ್ಹತೆಗೆ ರಾಜ್ಯದ ಪರೀಕ್ಷೆಯಾದ ಕೆ-ಸೆಟ್ ಕೂಡ ಸಾಕು, ಆದರೆ ಅದರಿಂದ ಫೆಲೋಶಿಪ್ ಬರುವುದಿಲ್ಲ. 2023ರ ಜುಲೈಯಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್, ಸೆಟ್ ಅಥವಾ ಸ್ಲೆಟ್ ಕನಿಷ್ಠ ಅರ್ಹತೆ, ಪಿಎಚ್.ಡಿ. ಐಚ್ಛಿಕ. ಕಾಗದದ ಮೇಲೆ ಐಚ್ಛಿಕ ಅಷ್ಟೇ. ವಿಶ್ವವಿದ್ಯಾಲಯದ ಕೆಮಿಸ್ಟ್ರಿ ವಿಭಾಗದ ಸಂದರ್ಶನಕ್ಕೆ ಪಿಎಚ್.ಡಿ. ಇಲ್ಲದೆ ಹೋಗುವುದು ಛತ್ರಿ ಇಲ್ಲದೆ ಜುಲೈನಲ್ಲಿ ಆಗುಂಬೆಗೆ ಹೋದ ಹಾಗೆ.

ಪಿಎಚ್.ಡಿ. ಯಾಕೆ ಐದು ವರ್ಷ?

2022ರ ಯು.ಜಿ.ಸಿ. ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಕನಿಷ್ಠ 12 ಕ್ರೆಡಿಟ್ ಕೋರ್ಸ್‌ವರ್ಕ್. ಥೀಸಿಸ್ ನೋಡಲು ಹೊರಗಿನ ಇಬ್ಬರು ಪರೀಕ್ಷಕರು, ಕೊನೆಗೆ ವೈವಾ. ಮೂರು ವರ್ಷಕ್ಕೆ ಮುಗಿಯುವುದು ಅಪರೂಪ. ಏಕೆಂದು ತಿಳಿಯಲು ಸಿಂಥೆಸಿಸ್‌ನ ಒಂದು ಲೆಕ್ಕ ಸಾಕು. ಎಂಟು ಹಂತದ ತಯಾರಿಕೆ, ಹಂತಕ್ಕೆ ಶೇ. 80 ಇಳುವರಿ. ಕೇಳಲು ಚೆನ್ನಾಗಿದೆ. ಎಂಟು ಸಲ 0.8ರಿಂದ ಗುಣಿಸಿದರೆ ಕೊನೆಗೆ ಉಳಿಯುವುದು ಶೇ. 17ಕ್ಕೂ ಕಡಿಮೆ. ಏಳನೇ ಹಂತದಲ್ಲಿ ಫ್ಲಾಸ್ಕ್ ಒಡೆದರೆ ಎರಡು ತಿಂಗಳು ಹಿಂದೆ, ಮೊದಲ ಹಂತಕ್ಕೆ.

ಒಂದೊಂದು ಹಂತದ ದಿನಚರಿಯೂ ಹೀಗೆ: ಕ್ರಿಯೆ ಹಾಕು, ಟಿ.ಎಲ್.ಸಿ. ಪ್ಲೇಟಿನಲ್ಲಿ (ಬೆರೆತ ವಸ್ತುಗಳನ್ನು ಚುಕ್ಕೆಗಳಾಗಿ ಬಿಡಿಸುವ ತೆಳು ಪದರ) ಚುಕ್ಕೆ ನೋಡು, ಮುಗಿದರೆ ವರ್ಕಪ್ (ತೊಳೆದು ಕಚ್ಚಾ ವಸ್ತು ಬೇರ್ಪಡಿಸುವುದು), ಆಮೇಲೆ ಕಾಲಂ (ಸಿಲಿಕಾ ತುಂಬಿದ ಕೊಳವೆಯಲ್ಲಿ ಇಳಿಸಿ ಶುದ್ಧ ಮಾಡುವುದು). ಒಂದು ಗ್ರಾಂ ಕಚ್ಚಾ ವಸ್ತುವಿಗೆ 30ರಿಂದ 50 ಗ್ರಾಂ ಸಿಲಿಕಾ ಜೆಲ್ ಬೇಕು. ಬೇಕಾದ ವಸ್ತುವಿನ ಆರ್.ಎಫ್. (ಪ್ಲೇಟಿನಲ್ಲಿ ದ್ರಾವಕ ಏರಿದ ದೂರದಲ್ಲಿ ಚುಕ್ಕೆ ಏರಿದ ಪಾಲು) 0.2ರಿಂದ 0.3ರ ನಡುವೆ ಬರುವಂತೆ ಹೆಕ್ಸೇನ್ ಮತ್ತು ಈಥೈಲ್ ಅಸಿಟೇಟಿನ ಅನುಪಾತ ಆರಿಸಬೇಕು. ಅದಕ್ಕಿಂತ ಮೇಲಿದ್ದರೆ ಎರಡು ಚುಕ್ಕೆಗಳೂ ಒಟ್ಟಿಗೆ ಇಳಿದುಬಿಡುತ್ತವೆ, ಕೆಳಗಿದ್ದರೆ ಸಂಜೆಯ ಬಸ್ ತಪ್ಪುತ್ತದೆ. ಊಟಕ್ಕೆ ಹೋಗುವಾಗ ಮೇಲಿನ ದ್ರಾವಕ ಖಾಲಿಯಾಗಲು ಬಿಟ್ಟರೆ ಸಿಲಿಕಾ ಒಣಗಿ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಎಲ್ಲವೂ ಬೆರೆತು ಹರಿಯುತ್ತದೆ.

ಗೈಡ್ ಕಣ್ಣು ಬೇಕಾಗುವುದು ಇದರ ನಂತರ. ವಿದ್ಯಾರ್ಥಿ ಸಂಭ್ರಮದಿಂದ ಬಂದು "ಸರ್, ಯೀಲ್ಡ್ 105 ಪರ್ಸೆಂಟ್" ಎನ್ನುತ್ತಾಳೆ. ಗೈಡ್ ಎನ್.ಎಂ.ಆರ್. ಹಾಳೆ ಕೇಳುತ್ತಾರೆ, ಅಂದರೆ ಅಣುವಿನ ಹೈಡ್ರೋಜನ್‌ಗಳು ಅಯಸ್ಕಾಂತದೊಳಗೆ ಕೊಡುವ ಗೆರೆಗಳ ನಕ್ಷೆ. ನಕ್ಷೆಯ ಅಳತೆಪಟ್ಟಿಯ 1.26ರಲ್ಲಿ ಮೂರು ಹಲ್ಲು, 2.05ರಲ್ಲಿ ಒಂದು ಚೂಪು, 4.12ರಲ್ಲಿ ನಾಲ್ಕು ಹಲ್ಲು: ಈಥೈಲ್ ಅಸಿಟೇಟ್. ಹೆಚ್ಚುವರಿ ಇಳುವರಿ ದ್ರಾವಕದ್ದು. ವ್ಯಾಕ್ಯೂಮ್ ಪಂಪಿನಲ್ಲಿ ಇನ್ನಷ್ಟು ಹೊತ್ತು ಒಣಗಿಸಲಿಲ್ಲ. ಅದೇ ಹಾಳೆಯಲ್ಲಿ 7.26ರ ಗೆರೆ ಡ್ಯೂಟರೇಟೆಡ್ ಕ್ಲೋರೋಫಾರಂನಲ್ಲಿ ಉಳಿದ ಕ್ಲೋರೋಫಾರಂನದು, 1.56ರದು ನೀರಿನದು. ಈ ಸಂಖ್ಯೆಗಳು ಬಾಯಿಪಾಠವಾಗದೆ ಗೈಡ್ ಆಗುವಂತಿಲ್ಲ. ತುಂಬ ನುಣ್ಣಗಿರುವ, ಒಂದೂ ಕಸದ ಗೆರೆಯಿಲ್ಲದ ಹಾಳೆ ಬಂದರೆ ಅಚ್ಚಾದ ಪ್ರತಿಯನ್ನು ನೋಡಿ ಸುಮ್ಮನಾಗಬಾರದು, ಯಂತ್ರದ ಮೂಲ ಫೈಲ್ ತೆರೆಸಬೇಕು. ಹಾಗೆ ತೆರೆಸದೆ ಸಹಿ ಹಾಕಿ, ಪ್ರಬಂಧ ಹಿಂದಕ್ಕೆ ಪಡೆಯಬೇಕಾಗಿ ಬಂದಾಗ "ನನಗೆ ಗೊತ್ತಿರಲಿಲ್ಲ" ಎನ್ನುವವರ ಮೇಲೆ ಅನುಕಂಪ ತೋರುವುದು ಕಷ್ಟ.

ಒಬ್ಬ ಪ್ರೊಫೆಸರ್ ಒಂದು ಹೊತ್ತಿಗೆ ಎಂಟು ಜನ ಪಿಎಚ್.ಡಿ. ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳಬಹುದು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು. ವಾಸ್ತವದಲ್ಲಿ ಮಿತಿ ಹಾಕುವುದು ಫ್ಯೂಮ್‌ಹುಡ್, ವಿಷದ ಹಬೆಯನ್ನು ಹೊರಕ್ಕೆ ಎಳೆಯುವ ಗಾಜಿನ ಗೂಡು. ಎರಡು ಹುಡ್ ಇರುವ ಲ್ಯಾಬಿಗೆ ಎಂಟು ಜನರನ್ನು ತುಂಬಿದರೆ ಬೆಂಚಿನ ಮೇಲೇ ಈಥರ್ ಸುರಿಯುವುದು ಶುರುವಾಗುತ್ತದೆ.

ಕೈ ಬೇರೆಯವರದು, ಹೊಣೆ ತನ್ನದು

1996ರ ಆಗಸ್ಟಿನಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕಿ ಕರೆನ್ ವೆಟರ್‌ಹಾನ್ ಅವರ ಕೈಗವಸಿನ ಮೇಲೆ ಡೈಮೀಥೈಲ್ ಮರ್ಕ್ಯುರಿಯ ಕೆಲವೇ ಹನಿ ಬಿತ್ತು. ಪಾದರಸದ ಎನ್.ಎಂ.ಆರ್. ಅಳತೆಗೆ ಮಾನದಂಡವಾಗಿ ಅದನ್ನು ಬಳಸುತ್ತಿದ್ದರು. ಕೆಲಸ ಹುಡ್ ಒಳಗೇ ನಡೆದಿತ್ತು, ಲ್ಯಾಟೆಕ್ಸ್ ಗ್ಲೌಸ್ ಇತ್ತು. ಅಂದಿನ ಅರಿವಿನ ಮಟ್ಟಿಗೆ ತಪ್ಪೇನೂ ಇರಲಿಲ್ಲ. ಆದರೆ ಲ್ಯಾಟೆಕ್ಸನ್ನು ಆ ದ್ರವ ಕೆಲವೇ ಸೆಕೆಂಡುಗಳಲ್ಲಿ ದಾಟುತ್ತದೆ ಎಂಬುದು ಆಮೇಲೆ ಪರೀಕ್ಷಿಸಿದಾಗ ತಿಳಿಯಿತು. ತಿಂಗಳುಗಳ ನಂತರ ನಡಿಗೆ ತಪ್ಪಿತು, ಮಾತು ತೊದಲಿತು. 1997ರ ಜೂನ್ 8ರಂದು ತೀರಿಕೊಂಡರು. ವಿಷಲೋಹಗಳ ಪರಿಣಾಮವೇ ಅವರ ಸಂಶೋಧನೆಯ ವಿಷಯವಾಗಿತ್ತು. "ಗ್ಲೌಸ್ ಹಾಕಿಕೋ" ಎನ್ನುವುದು ಅರ್ಧ ಸೂಚನೆ; ಯಾವ ರಾಸಾಯನಿಕಕ್ಕೆ ಯಾವ ಗ್ಲೌಸ್, ಎಷ್ಟು ಹೊತ್ತು ಎನ್ನುವುದು ಪೂರ್ತಿ ಸೂಚನೆ.

ಇನ್ನೊಂದು ಘಟನೆ ಪ್ರಾಧ್ಯಾಪಕರ ಕಾನೂನು ಹೊಣೆಯನ್ನು ಬದಲಿಸಿತು. 2008ರ ಡಿಸೆಂಬರ್ 29ರಂದು ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ, ಕೆಲಸಕ್ಕೆ ಸೇರಿ ಮೂರು ತಿಂಗಳೂ ತುಂಬಿರದ ಸಂಶೋಧನಾ ಸಹಾಯಕಿಯೊಬ್ಬರು ಟರ್ಷಿಯರಿ ಬ್ಯುಟೈಲ್ ಲಿಥಿಯಂ ಅನ್ನು ಪ್ಲಾಸ್ಟಿಕ್ ಸಿರಿಂಜಿನಲ್ಲಿ ಎಳೆಯುತ್ತಿದ್ದರು. ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುವ ದ್ರಾವಣ ಅದು. ಸಿರಿಂಜಿನ ದಂಡ ಕಳಚಿ ಬಂತು. ಮೈಮೇಲೆ ಸಿಂಥೆಟಿಕ್ ಸ್ವೆಟರ್ ಇತ್ತು, ಲ್ಯಾಬ್ ಕೋಟ್ ಇರಲಿಲ್ಲ. 18 ದಿನಗಳ ನಂತರ ಅವರು ಸತ್ತರು. ಪ್ರಾಧ್ಯಾಪಕರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲಾಯಿತು. 2014ರಲ್ಲಿ 800 ಗಂಟೆ ಸಮುದಾಯ ಸೇವೆ ಮತ್ತು ಸುಟ್ಟಗಾಯದ ಆಸ್ಪತ್ರೆಗೆ 10,000 ಡಾಲರ್ ಕೊಡುವ ಒಪ್ಪಂದದಲ್ಲಿ ಅದು ನಿಂತಿತು. ತಾಂತ್ರಿಕ ಪಾಠ ಸರಳ: 60 ಮಿ.ಲೀ. ಸಿರಿಂಜಿಗೆ 30 ಮಿ.ಲೀ. ಮೀರಿ ಎಳೆಯಬಾರದು. ಬೇಕಾದ ಪ್ರಮಾಣದ ಎರಡರಷ್ಟು ಹಿಡಿಯುವ ಸಿರಿಂಜ್ ಇರಬೇಕು. ಹೆಚ್ಚು ಬೇಕಾದರೆ ಆರ್ಗಾನ್ ಒತ್ತಡದಲ್ಲಿ ಎರಡು ಮೊನೆಯ ಕ್ಯಾನುಲಾ ಬಳಸಬೇಕು. ಮೈಮೇಲೆ ಬೆಂಕಿ ತಡೆಯುವ ಕೋಟ್, ಪಕ್ಕದಲ್ಲಿ ಒಣಮರಳು ಅಥವಾ ಡಿ ವರ್ಗದ ಅಗ್ನಿಶಾಮಕ ಇರಬೇಕು. ಲಿಥಿಯಂ, ಸೋಡಿಯಂ ಬೆಂಕಿಗೆ ನೀರಾಗಲಿ ಕಾರ್ಬನ್ ಡೈಆಕ್ಸೈಡಾಗಲಿ ಎಣ್ಣೆ ಸುರಿದಂತೆ.

ನಮ್ಮ ಲ್ಯಾಬುಗಳಲ್ಲಿ ಹೆಚ್ಚು ಎದುರಾಗುವ ಅಪಾಯಗಳು ಇನ್ನೂ ಸಾಧಾರಣವಾದವು. ಟಿ.ಎಚ್.ಎಫ್. ದ್ರಾವಕವನ್ನು ಸೋಡಿಯಂ ಮತ್ತು ಬೆಂಜೋಫಿನೋನ್ ಮೇಲೆ ಕುದಿಸಿ ಒಣಗಿಸುತ್ತಾರೆ. ಗಾಢ ನೀಲಿ ಬಂದರೆ ನೀರು, ಆಮ್ಲಜನಕ ಹೋಗಿವೆ ಎಂದರ್ಥ. ಹಳೆಯ ಬಾಟಲಿಯ ಟಿ.ಎಚ್.ಎಫ್.ನಲ್ಲಿ ಪೆರಾಕ್ಸೈಡ್ ಕೂಡಿರಬಹುದು. ಪೊಟ್ಯಾಸಿಯಂ ಅಯೊಡೈಡ್ ಮತ್ತು ಗಂಜಿಯ ಕಾಗದ ನೀಲಿಯಾದರೆ ಆ ಬಾಟಲಿ ಬಳಕೆಗಿಲ್ಲ. ಯಾವಾಗಲೂ ಫ್ಲಾಸ್ಕ್ ಬತ್ತುವ ತನಕ ಬಟ್ಟಿ ಇಳಿಸಬಾರದು, ಏಕೆಂದರೆ ಪೆರಾಕ್ಸೈಡ್ ಆವಿಯಾಗದೆ ತಳದಲ್ಲೇ ಸೇರಿ ಸಿಡಿಯುತ್ತದೆ. ವ್ಯಾಕ್ಯೂಮ್ ಲೈನಿನ ದ್ರವ ಸಾರಜನಕದ ಟ್ರಾಪ್ (ಪಂಪಿಗೆ ಹೋಗುವ ಆವಿಯನ್ನು ತಣಿಸಿ ಹಿಡಿಯುವ ಪಾತ್ರೆ) ಇನ್ನೊಂದು. ಅದು ಮೈನಸ್ 196 ಡಿಗ್ರಿ. ಗಾಳಿಯ ಆಮ್ಲಜನಕ ಮೈನಸ್ 183ಕ್ಕೇ ದ್ರವವಾಗುತ್ತದೆ. ಕವಾಟ ತೆರೆದಿಟ್ಟು ಪಂಪ್ ಓಡಿಸಿದರೆ ಟ್ರಾಪಿನ ತಳದಲ್ಲಿ ತಿಳಿನೀಲಿ ದ್ರವ ಕಾಣುತ್ತದೆ. ಅದು ದ್ರವ ಆಮ್ಲಜನಕ, ಕೆಳಗೇ ಸಾವಯವ ದ್ರಾವಕ. ಆಗ ಕವಾಟ ಮುಚ್ಚಬಾರದು, ಟ್ರಾಪ್ ಎತ್ತಬಾರದು. ಹುಡ್ ಗಾಜು ಇಳಿಸಿ, ಎಲ್ಲರನ್ನೂ ಹೊರಗೆ ಕಳಿಸಿ, ತಾನಾಗಿ ಆವಿಯಾಗಲು ಬಿಡಬೇಕು.

ಹುಡ್ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಟಿಶ್ಯೂ ಕಾಗದದ ಪಟ್ಟಿಯೊಂದನ್ನು ಅದರ ಬಾಯಿಗೆ ಹಿಡಿದರೆ ಒಳಕ್ಕೆ ವಾಲಬೇಕು. ಗಾಳಿಯ ವೇಗ ಅಳೆದರೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್. ಬಹಳಷ್ಟು ಹುಡ್‌ಗಳು ಕೆಡುವುದಕ್ಕೆ ಮೋಟಾರ್ ಕಾರಣವಲ್ಲ. ಒಳಗೆ ಬೀರುವಿನಂತೆ ಜೋಡಿಸಿದ ಬಾಟಲಿಗಳು ಹಿಂದಿನ ಸಂದು ಮುಚ್ಚಿರುತ್ತವೆ.

ದುಡ್ಡು

ಸಂಬಳ ಬಂದರೂ ಲ್ಯಾಬ್ ಬರುವುದಿಲ್ಲ. ಲ್ಯಾಬಿಗೆ ಪ್ರಾಜೆಕ್ಟ್ ಬರೆಯಬೇಕು: ಹಿಂದೆ ಸರ್ಬ್ (ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ) ಇದ್ದ ಜಾಗದಲ್ಲಿ ಈಗಿರುವ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ, ಸಿ.ಎಸ್.ಐ.ಆರ್.ಗೆ, ರಾಜ್ಯದ ವಿಜ್ಞಾನ-ತಂತ್ರಜ್ಞಾನ ವಿಷನ್ ಗ್ರೂಪ್ ಆದ ವಿ.ಜಿ.ಎಸ್.ಟಿ.ಗೆ. ಬಜೆಟ್‌ನ ತಲೆಬರಹಗಳು ಉಪಕರಣ, ಮಾನವಶಕ್ತಿ, ಕನ್ಸ್ಯೂಮಬಲ್ಸ್, ಪ್ರಯಾಣ, ಕಂಟಿಂಜೆನ್ಸಿ, ಓವರ್‌ಹೆಡ್. ಹೊಸಬರು ಉಪಕರಣಕ್ಕೆ ತುಂಬಿಸಿ ಕನ್ಸ್ಯೂಮಬಲ್ಸ್‌ನಲ್ಲಿ ಕೈಬಿಗಿ ಮಾಡುತ್ತಾರೆ. ಒಂದೇ ವಸ್ತುವಿನ ಲೆಕ್ಕ ನೋಡಿ. ಐವರು ವಿದ್ಯಾರ್ಥಿಗಳು ವಾರಕ್ಕೆ ಮೂರು ಸ್ಯಾಂಪಲ್, ವರ್ಷಕ್ಕೆ 40 ವಾರ: 600 ಎನ್.ಎಂ.ಆರ್. ಒಂದಕ್ಕೆ 0.6 ಮಿ.ಲೀ. ಡ್ಯೂಟರೇಟೆಡ್ ಕ್ಲೋರೋಫಾರಂ, ಒಟ್ಟು 360 ಮಿ.ಲೀ., ಅಂದರೆ 100 ಮಿ.ಲೀ.ನ ನಾಲ್ಕು ಬಾಟಲಿ. ಬರೀ ದ್ರಾವಕಕ್ಕೆ. ಮೇಲೆ ಯಂತ್ರದ ಗಂಟೆಯ ಶುಲ್ಕ.

ಯಂತ್ರವೂ ಉಪವಾಸ ಇರುವುದಿಲ್ಲ. ಎನ್.ಎಂ.ಆರ್. ಅಯಸ್ಕಾಂತವನ್ನು 4.2 ಕೆಲ್ವಿನ್‌ನ ದ್ರವ ಹೀಲಿಯಂನಲ್ಲಿ ಮುಳುಗಿಸಿ, ಸುತ್ತ ದ್ರವ ಸಾರಜನಕದ ಕವಚ ಇಟ್ಟಿರುತ್ತಾರೆ. ಸಾರಜನಕವನ್ನು ವಾರ ಹತ್ತು ದಿನಕ್ಕೊಮ್ಮೆ, ಹೀಲಿಯಂ ಅನ್ನು ಕೆಲವು ತಿಂಗಳಿಗೊಮ್ಮೆ ತುಂಬಲೇಬೇಕು. ಹೀಲಿಯಂ ಮಟ್ಟ ತೀರ ಇಳಿದರೆ ಸುರುಳಿ ಬೆಚ್ಚಗಾಗಿ ಸೂಪರ್‌ಕಂಡಕ್ಟರ್ ಗುಣ (ತಡೆಯೇ ಇಲ್ಲದೆ ವಿದ್ಯುತ್ ಹರಿಸುವ ಗುಣ) ಕಳೆದುಕೊಳ್ಳುತ್ತದೆ, ಅದರ ವಿದ್ಯುತ್ತೆಲ್ಲ ಒಮ್ಮೆಗೇ ಶಾಖವಾಗುತ್ತದೆ, ಒಂದು ಲೀಟರ್ ದ್ರವ ಏಳುನೂರು ಲೀಟರಿಗೂ ಮೀರಿದ ಅನಿಲವಾಗಿ ಭೋರ್ಗರೆದು ಹೊರಬರುತ್ತದೆ. ಕೋಣೆಯ ಆಮ್ಲಜನಕ ಸರಿದುಹೋಗುವುದರಿಂದ ನೋಡುತ್ತಾ ನಿಲ್ಲಬಾರದು, ಓಡಬೇಕು. ಆದ್ದರಿಂದ ಕೋಟಿಗಟ್ಟಲೆ ಕೊಟ್ಟು ಯಂತ್ರ ತರುವ ಮೊದಲು ಹತ್ತು ವರ್ಷದ ಹೀಲಿಯಂ ಯಾವ ತಲೆಬರಹದಿಂದ ಎಂದು ಫೈಲಿನಲ್ಲಿ ಬರೆಸಿಕೊಳ್ಳುವವರೇ ಜಾಣರು. ಉಳಿದವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸೈಫ್ (ಹೊರಗಿನವರಿಗೂ ತೆರೆದಿರುವ ಉಪಕರಣ ಕೇಂದ್ರ) ಅಥವಾ ವಿಜ್ಞಾನ ಸಂಸ್ಥೆಗೆ ಕೊರಿಯರ್ ಕಳಿಸುವ ದಾರಿ ಇದೆ, ಮತ್ತು ಅದರಲ್ಲಿ ಅವಮಾನವೇನೂ ಇಲ್ಲ.

ಪ್ರಾಜೆಕ್ಟ್ ಸಾಮಾನ್ಯವಾಗಿ ಮೂರು ವರ್ಷ, ಪಿಎಚ್.ಡಿ. ಐದು. ಪ್ರಾಜೆಕ್ಟಿನ ಫೆಲೋ ಆಗಿ ಸೇರಿದ ವಿದ್ಯಾರ್ಥಿಗೆ ಕೊನೆಯ ಎರಡು ವರ್ಷ ಸಂಬಳವಿಲ್ಲ. ಥೀಸಿಸ್ ಬರೆಯುವ ಹೊತ್ತಿಗೆ ಆಕೆ ಯಾವುದೋ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಇದನ್ನು ತಡೆಯಲು ಮೊದಲ ಪ್ರಾಜೆಕ್ಟಿನ ಎರಡನೇ ವರ್ಷದಲ್ಲೇ ಮುಂದಿನದಕ್ಕೆ ಅರ್ಜಿ ಹೋಗಿರಬೇಕು. ಕಂತು ಮಾರ್ಚ್ ಹತ್ತಿರ ಬರುತ್ತದೆ, ಖರ್ಚಿನ ಪ್ರಮಾಣಪತ್ರವನ್ನು ವರ್ಷ ಮುಗಿದ ಕೂಡಲೇ ಕೇಳುತ್ತಾರೆ, ಅದಕ್ಕೆ ಫೈನಾನ್ಸ್ ಆಫೀಸರ್ ಸಹಿ ಬೇಕು, ಅವರ ಮೇಜಿಗೆ ಹೋಗಲು ಬಿಲ್ ಮೇಲೆ ಸ್ಟಾಕ್ ರಿಜಿಸ್ಟರಿನ ಪುಟಸಂಖ್ಯೆ ಬೇಕು. ಒಂದು ಬಿಲ್ಲಿನ ಪುಟಸಂಖ್ಯೆ ಬಿಟ್ಟುಹೋಗಿ ಮುಂದಿನ ಕಂತೇ ನಿಲ್ಲುವುದುಂಟು. ಇದು ವಿಜ್ಞಾನವಲ್ಲ ಎಂದು ಮೂಗು ಮುರಿಯುವ ಮೇಷ್ಟ್ರ ವಿದ್ಯಾರ್ಥಿಗಳು ಸಿಲಿಕಾ ಸಾಲ ಕೇಳಿಕೊಂಡು ಪಕ್ಕದ ಲ್ಯಾಬಿಗೆ ಹೋಗುತ್ತಿರುತ್ತಾರೆ.

ವಿಷಯದ ಆಯ್ಕೆಯೂ ದುಡ್ಡಿನ ಜೊತೆ ಹೆಣೆದಿದೆ. ಇದಕ್ಕೆ ಒಳ್ಳೆಯ ಉದಾಹರಣೆ ಸಿ.ಎನ್.ಆರ್. ರಾವ್. 1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ., ಬನಾರಸಿನಲ್ಲಿ ಎಂ.ಎಸ್ಸಿ., ಅಮೆರಿಕದ ಪರ್ಡ್ಯೂನಲ್ಲಿ 1958ರಲ್ಲಿ ಪಿಎಚ್.ಡಿ. ಮುಗಿಸಿ, 1959ರಲ್ಲಿ ವಿಜ್ಞಾನ ಸಂಸ್ಥೆಗೆ ಉಪನ್ಯಾಸಕರಾಗಿ ಬಂದರು. 1963ರಲ್ಲಿ ಹೊಸದಾಗಿ ಕಟ್ಟುತ್ತಿದ್ದ ಕಾನ್ಪುರ ಐ.ಐ.ಟಿ.ಗೆ ಹೋಗಿ, 1976ರಲ್ಲಿ ಬೆಂಗಳೂರಿಗೆ ಮರಳಿ ಘನಸ್ಥಿತಿ ರಸಾಯನಶಾಸ್ತ್ರದ ಘಟಕ ಕಟ್ಟಿದರು; 1984ರಿಂದ 94ರ ತನಕ ನಿರ್ದೇಶಕರು; 1989ರಲ್ಲಿ ಶುರುವಾದ ಜವಾಹರಲಾಲ್ ನೆಹರು ಕೇಂದ್ರದ ಸ್ಥಾಪಕರು; 2014ರಲ್ಲಿ ಭಾರತರತ್ನ. ಘನಸ್ಥಿತಿ ರಸಾಯನಶಾಸ್ತ್ರದ ಸೊಗಸೆಂದರೆ ಅದರ ತಯಾರಿಕೆಯ ಭಾಗಕ್ಕೆ ಒಳ್ಳೆಯ ಕುಲುಮೆ, ಖಲಬತ್ತು, ಎಕ್ಸ್-ರೇ ಡಿಫ್ರಾಕ್ಟೋಮೀಟರ್ ಇದ್ದರೆ ಬಹುದೂರ ಹೋಗಬಹುದು. 1987ರಲ್ಲಿ ಜಗತ್ತೆಲ್ಲ ಹಿಂದೆ ಬಿದ್ದಿದ್ದ ಇಟ್ರಿಯಂ-ಬೇರಿಯಂ-ತಾಮ್ರದ ಸೂಪರ್‌ಕಂಡಕ್ಟರ್ ಬಗ್ಗೆ ಬೇಗನೇ ವರದಿ ಮಾಡಿದ ತಂಡಗಳಲ್ಲಿ ಅವರದೂ ಒಂದು. ಅದರ ಪಾಕ ಇಂದಿನ ಎಂ.ಎಸ್ಸಿ. ಲ್ಯಾಬಿನಲ್ಲೂ ಆಗುವಂಥದ್ದು: ಇಟ್ರಿಯಂ ಆಕ್ಸೈಡ್ 1.129 ಗ್ರಾಂ, ಬೇರಿಯಂ ಕಾರ್ಬೊನೇಟ್ 3.947 ಗ್ರಾಂ, ಕ್ಯುಪ್ರಿಕ್ ಆಕ್ಸೈಡ್ 2.386 ಗ್ರಾಂ. ಅಗೇಟ್ ಖಲಬತ್ತಿನಲ್ಲಿ ನುಣ್ಣಗೆ ಅರೆದು, 930ರಿಂದ 950 ಡಿಗ್ರಿಯಲ್ಲಿ ರಾತ್ರಿಯಿಡೀ ಕಾಯಿಸಿ, ಮತ್ತೆ ಅರೆದು, ಗುಳಿಗೆ ಒತ್ತಿ, ಮತ್ತೆ ಕಾಯಿಸಿ, ಆಮ್ಲಜನಕದ ಹರಿವಿನಲ್ಲಿ ನಿಧಾನ ತಣಿಸಬೇಕು. ಸೋಲುವುದು ಕೊನೆಯ ಹೆಜ್ಜೆಯಲ್ಲಿ. ಅವಸರಪಟ್ಟು ಕುಲುಮೆಯಿಂದ ಕೆಂಪಗೆ ಹೊರತೆಗೆದರೆ ಹರಳಿನೊಳಕ್ಕೆ ಬೇಕಾದಷ್ಟು ಆಮ್ಲಜನಕ ಸೇರದೆ, ನೋಡಲು ಹಾಗೇ ಕಪ್ಪಗಿರುವ, ಆದರೆ ದ್ರವ ಸಾರಜನಕದಲ್ಲಿ ಅಯಸ್ಕಾಂತವನ್ನು ತೇಲಿಸದ ಗುಳಿಗೆ ಸಿಗುತ್ತದೆ. ವಿಷಕಾರಿ ಬೇರಿಯಂ ಕಾರ್ಬೊನೇಟ್ ಅರೆಯುವಾಗ ಮಾಸ್ಕ್ ಮರೆಯಬಾರದು.

ಮೆಟ್ಟಿಲುಗಳು

ಬಡ್ತಿಯ ಲೆಕ್ಕ ಬೇಗ ಹೇಳಿ ಮುಗಿಸಬಹುದು. 2018ರ ಯು.ಜಿ.ಸಿ. ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರು 57,700 ರೂಪಾಯಿ ಮೂಲವೇತನದ 10ನೇ ಹಂತಕ್ಕೆ ಸೇರುತ್ತಾರೆ. ಪಿಎಚ್.ಡಿ. ಇದ್ದರೆ 4 ವರ್ಷಕ್ಕೆ 11ನೇ ಹಂತ, ಮತ್ತೆ 5 ವರ್ಷಕ್ಕೆ 12, ಮತ್ತೆ 3 ವರ್ಷಕ್ಕೆ 1,31,400ರ ಸಹ ಪ್ರಾಧ್ಯಾಪಕ ಹುದ್ದೆ, ಇನ್ನೂ 3 ವರ್ಷಕ್ಕೆ 1,44,200ರ ಪ್ರಾಧ್ಯಾಪಕ ಹುದ್ದೆ. ಕನಿಷ್ಠ 15 ವರ್ಷ. ನೇರ ನೇಮಕದ ಪ್ರೊಫೆಸರಿಗೆ 10 ವರ್ಷದ ಅನುಭವ, 10 ಪ್ರಕಟಣೆ, 120 ಸಂಶೋಧನಾ ಅಂಕ. ಪಾಠ ವಾರಕ್ಕೆ ಸಹಾಯಕರಿಗೆ 16 ತಾಸು, ಮೇಲಿನವರಿಗೆ 14.

ಅಂಕಗಳ ಹಂಚಿಕೆ ಕುತೂಹಲಕಾರಿ. ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಮೊದಲ ಅಥವಾ ಮುಖ್ಯ ಲೇಖಕರಿಗೆ ಶೇ. 70, ಉಳಿದವರಿಗೆ ಶೇ. 30. ಒಬ್ಬ ವಿದ್ಯಾರ್ಥಿ ಪಿಎಚ್.ಡಿ. ಪಡೆದರೆ ಗೈಡಿಗೆ 10 ಅಂಕ. ಐದು ವರ್ಷ ಒಬ್ಬರನ್ನು ರೂಪಿಸುವುದಕ್ಕೂ ಎರಡು ಅವಸರದ ಪ್ರಬಂಧಕ್ಕೂ ಹೆಚ್ಚುಕಮ್ಮಿ ಒಂದೇ ತೂಕ ಬೀಳುವ ಈ ತಕ್ಕಡಿ ದುಡ್ಡು ತೆಗೆದುಕೊಂಡು ಏನನ್ನೂ ಅಚ್ಚುಹಾಕುವ ಪತ್ರಿಕೆಗಳಿಗೆ ಗಿರಾಕಿ ತಂದುಕೊಟ್ಟಿದೆ. ಅವನ್ನು ತಡೆಯಲೆಂದು 2019ರಲ್ಲಿ ತಂದ ಯು.ಜಿ.ಸಿ.-ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಡಲಾಯಿತು. ಪತ್ರಿಕೆಯ ಯೋಗ್ಯತೆ ತಿಳಿಯಲು ಹಳೆಯ ದಾರಿಯೇ ವಾಸಿ: ಆ ಪತ್ರಿಕೆಯ ಪ್ರಬಂಧ ನೋಡಿಕೊಂಡು ನಿಮ್ಮ ಲ್ಯಾಬಿನಲ್ಲಿ ಒಂದು ಕ್ರಿಯೆ ಮಾಡಿ, ಆಗುತ್ತದೆಯೇ ನೋಡಿ.

ಬೀಗದ ಕೈ ಒಪ್ಪಿಸುವಾಗ

ರಾಜ್ಯದ ವಿಶ್ವವಿದ್ಯಾಲಯದಲ್ಲಿ ನಿವೃತ್ತಿ 62ಕ್ಕೆ. ಸನ್ಮಾನಕ್ಕಿಂತ ಮುಂಚೆ ನೋ ಡ್ಯೂ ಆಗಬೇಕು, ಅದಕ್ಕೆ ಡೆಡ್ ಸ್ಟಾಕ್ ರಿಜಿಸ್ಟರ್ (ಉಪಕರಣಗಳ ದಾಖಲೆ ಪುಸ್ತಕ) ತಾಳೆಯಾಗಬೇಕು. 1990ರ ದಶಕದ ಮುರಿದ ರೋಟಾವೇಪರ್ (ದ್ರಾವಕ ಆವಿಯಾಗಿಸುವ ಯಂತ್ರ) ಎಲ್ಲಿ ಎಂದು ಕೇಳುವವರು ಇರುತ್ತಾರೆ, ಮೂಲೆಯಲ್ಲಿ ಲೇಬಲ್ ಅಳಿಸಿದ ಬಾಟಲಿಯಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ. ಆ ಬಾಟಲಿಗೆ ಉತ್ತರ ಗೊತ್ತಿರುವುದು ಹೊರಡುತ್ತಿರುವವರಿಗೆ ಮಾತ್ರ. ಹಾಗಾಗಿ ಈ ಕೆಲಸಕ್ಕೆ ಕೊನೆಯ ವಾರ ಸಾಲದು, ಕೊನೆಯ ವರ್ಷವೇ ಬೇಕು. ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಸೋಡಿಯಂ ತುಂಡುಗಳನ್ನು ಒಣ ಟೊಲ್ಯೂಯೀನಿನಲ್ಲಿ ಹಾಕಿ ಐಸೊಪ್ರೊಪನಾಲ್ ಹನಿಹನಿಯಾಗಿ, ಗುಳ್ಳೆ ನಿಂತ ಮೇಲೆ ಎಥನಾಲ್, ಎಲ್ಲದರ ಕೊನೆಗೆ ನೀರು. ಹುಡ್ ಒಳಗೆ, ಸಾರಜನಕದ ಹರಿವಿನಲ್ಲಿ, ಒಂದು ಸಲಕ್ಕೆ ಕೆಲವೇ ಗ್ರಾಂ. ಹಳೆಯ ಈಥರ್ ಬಾಟಲಿಯ ಮುಚ್ಚಳದ ಸುತ್ತ ಬಿಳಿ ಹರಳು ಕಂಡರೆ ಕೈ ಹಿಂದೆ.

ಅತಿ ಎಚ್ಚರ ಬೇಕಿರುವುದು ಹಳದಿ ಹರಳಿನ ಪಿಕ್ರಿಕ್ ಆಮ್ಲಕ್ಕೆ. ಒಂದು ಕಾಲಕ್ಕೆ ಪ್ರತಿ ಆರ್ಗ್ಯಾನಿಕ್ ಲ್ಯಾಬಿನ ಬೀರುವಿನಲ್ಲೂ ಡಿರೈವೇಟಿವ್ (ವಸ್ತುವನ್ನು ಗುರುತಿಸಲು ತಯಾರಿಸುವ ಹರಳು) ಮಾಡಲೆಂದು ಇರುತ್ತಿದ್ದ ಬಾಟಲಿ ಅದು. ನೀರಿನಲ್ಲಿ ನೆನೆದಿರುವ ತನಕ ಸಾಧು. ವರ್ಷಗಟ್ಟಲೆ ಬಿಟ್ಟು ಒಣಗಿದರೆ ಸ್ಫೋಟಕ, ಲೋಹದ ಮುಚ್ಚಳವಿದ್ದರೆ ಇನ್ನೂ ಸೂಕ್ಷ್ಮವಾದ ಲವಣ. ಮುಚ್ಚಳದ ಎಳೆಗಳ ನಡುವೆ ಸಿಕ್ಕಿದ ಹರಳಿಗೆ ತಿರುಗಿಸುವಾಗಿನ ಉಜ್ಜುವಿಕೆಯೇ ಸಾಕು. ಹರಳು ಒಣಗಿ ಬಿರುಕು ಬಿಟ್ಟಂತೆ ಕಂಡರೆ ಬಾಟಲಿ ತೆರೆಯಬಾರದು, ಅಲ್ಲಾಡಿಸಬಾರದು, ಅಟೆಂಡರ್ ಕೈಯಲ್ಲಿ ಕೆಳಗಿನ ಸ್ಟೋರಿಗೆ ಕಳಿಸಲೇಬಾರದು. ಬೀರು ಹಾಗೇ ಮುಚ್ಚಿ, ಕೋಣೆಗೆ ಬೀಗ ಹಾಕಿ, ಬಾಗಿಲಿಗೆ ಕಾಗದ ಅಂಟಿಸಿ, ರಿಜಿಸ್ಟ್ರಾರ್ ಮೂಲಕ ಪೊಲೀಸರ ಬಾಂಬ್ ನಿಷ್ಕ್ರಿಯ ದಳವನ್ನು ಕರೆಸಬೇಕು. ಅವರು ಬಂದು ಹೋದ ಮೇಲೆ ರಿಜಿಸ್ಟರಿನಲ್ಲಿ ಆ ಸಾಲಿನ ಮುಂದೆ ತಾರೀಖು, ಪ್ರಮಾಣ ಬರೆದು ಸಹಿ ಹಾಕಿ, ಬೀಗದ ಕೈ ಒಪ್ಪಿಸಬಹುದು.